ಗಡಿ ದಾಟುವ ಮಾತಿಗೆ ತೆರುವ ಸುಂಕ

(ಸಂಘದ ವಾರ್ಷಿಕೋತ್ಸವದ ಸಭೆಯಲ್ಲಿ ಮಾಡಿದ ಭಾಷಣ)



ವಾರ್ಷಿಕೋತ್ಸವದ ಸಭೆಯಲ್ಲಿ ಮಾತನಾಡುವವರು ನಾಡುನುಡಿಗಳ ಹಿರಿಮೆಯನ್ನೋ, ನಮ್ಮ ಸುತ್ತಿನ ಗುಡಿಬೆಟ್ಟಗಳ ಶಾಸನಗಳನ್ನೋ, ಕನ್ನಡ ಶಾಲೆಗಳ ಸ್ಥಿತಿಗತಿಯನ್ನೋ ವಿಷಯವಾಗಿ ಆರಿಸಿಕೊಳ್ಳುವುದು ವಾಡಿಕೆ. ಕಾರ್ಯದರ್ಶಿಗಳು ನಮ್ಮ ಬಳಿಗೆ ಬಂದಾಗ ನಾವೂ ಅಂಥದೇ ಒಂದು ವಿಷಯವನ್ನು ಮನಸ್ಸಿನಲ್ಲಿಟ್ಟುಕೊಂಡಿದ್ದೆವು. ಅದನ್ನು ಬಿಟ್ಟು ದೂರವಾಣಿಯ ದರದಂಥ ಶುಷ್ಕವಾದ ವಿಷಯವನ್ನು ಹಿಡಿದು ತಮ್ಮೆದುರಿಗೆ ನಿಂತಿರುವುದಕ್ಕೆ ಕಾರಣ ನಮ್ಮ ನೆರೆಮನೆಯ ಒಬ್ಬ ವೃದ್ಧ ತಾಯಿ. ಆಕೆಯ ಮಗ ಅಮೆರಿಕದಲ್ಲಿದ್ದಾನೆ, ಮಗಳು ದುಬೈಯಲ್ಲಿ. ಕೆಲವು ವರ್ಷಗಳ ಕೆಳಗೆ ಒಂದು ಸಂಜೆ ಜಗಲಿಯ ಮೇಲೆ ಕುಳಿತು ಆಕೆ ನಮ್ಮನ್ನು ಕೇಳಿದರು: "ಸ್ವಾಮಿ, ಅಮೆರಿಕ ದೂರ, ದುಬೈ ಹತ್ತಿರ ಅಂತೀರಿ. ದೂರದಲ್ಲಿರೋ ಮಗ ದಿನಾ ಮುಖ ತೋರಿಸ್ಕೊಂಡು ಬಿಟ್ಟಿಯಾಗಿ ಮಾತಾಡ್ತಾನೆ. ಹತ್ತಿರದಲ್ಲಿರೋ ಮಗಳು ಎರಡು ಮಾತಾಡೋದ್ರೊಳಗೆ ದುಡ್ಡಾಗುತ್ತಮ್ಮಾ ಅಂತ ಇಟ್ಬಿಡ್ತಾಳೆ. ಇದು ಯಾವೂರ ಲೆಕ್ಕ?"

ಥಟ್ಟನೆ ಉತ್ತರ ಹೇಳಲಾರದೆ ಹೋದೆವು. ಆಮೇಲೆ ಯೋಚಿಸುತ್ತ ಹೋದಂತೆ, ಇದು ದುಬೈಯ ಲೆಕ್ಕ ಮಾತ್ರವಲ್ಲ, ನಮ್ಮ ಜೂಜುವಾಡಿಯ ಲೆಕ್ಕವೂ ಹೌದೆಂದು ತೋರಿತು. ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡ ಹಾಗೆ ಎಂದು ನಮ್ಮ ಹಿರಿಯರು ಗಾದೆ ಮಾಡಿದರು. ದೂರವಾಣಿಯ ವಿಷಯದಲ್ಲಿ ಈ ಗಾದೆ ಅಕ್ಷರಶಃ ನಿಜ. ತಾಯಿಮಕ್ಕಳ ಸುಖದುಃಖದ ನಡುವೆ ಯಾವಾಗಲೂ ಒಬ್ಬ ಸುಂಕದವನು ಕುಳಿತಿರುತ್ತಾನೆ. ಅವನ ಕಟ್ಟೆ ಎಲ್ಲಿರುತ್ತದೆಂಬುದನ್ನು ಇಬ್ಬರ ನಡುವಿನ ದೂರವಲ್ಲ, ಯಾರೋ ಎಳೆದ ಗೆರೆ ಗೊತ್ತುಮಾಡುತ್ತದೆ. ಉಳಿದವರು ಇದನ್ನು ಹೊರದೇಶಗಳ ಕರೆಯಿಂದ ಕಲಿತರು. ಗಡಿಯವರಾದ ನಾವು ಕೆಲವೇ ಮೈಲಿ ಆಚೆಯ ಅತ್ತಿಬೆಲೆಗೆ ಮಾಡಿದ ಕರೆಯಿಂದಲೇ ಕಲಿತೆವು.

ನಮ್ಮ ಸೀಮೆಯ ಚರಿತ್ರೆ ತಮಗೆ ಹೊಸದಲ್ಲ. 1956ನೆಯ ಇಸವಿ ನವೆಂಬರ್ ಒಂದರಂದು ರಾಜ್ಯಗಳ ಪುನರ್ವಿಂಗಡಣೆಯಾದಾಗ ಹೊಸೂರು ಸೇಲಂ ಜಿಲ್ಲೆಯಲ್ಲಿಯೇ ಉಳಿಯಿತು. 1965ರಲ್ಲಿ ಧರ್ಮಪುರಿ ಜಿಲ್ಲೆಯಾಯಿತು. 2004ರಲ್ಲಿ ಕೃಷ್ಣಗಿರಿ ಜಿಲ್ಲೆಯಾಯಿತು. ವಿಳಾಸದಲ್ಲಿ ಜಿಲ್ಲೆಯ ಹೆಸರನ್ನು ತಿದ್ದಿ ತಿದ್ದಿ ಬರೆದೆವೇ ಹೊರತು ನೆಂಟಸ್ತಿಕೆಯ ದಾರಿಯೇನೂ ತಿದ್ದಲಿಲ್ಲ. ತಳಿ, ಡೆಂಕಣಿಕೋಟೆ, ಕೆಲಮಂಗಲ, ಬಾಗಲೂರುಗಳ ಮನೆಗಳಿಂದ ಆನೇಕಲ್ಲು, ಕನಕಪುರ, ಮಾಲೂರು ಕಡೆಗೆ ಹೆಣ್ಣು ಕೊಡುವುದು, ಆ ಕಡೆಯಿಂದ ತರುವುದು ಹಿಂದಿನಂತೆಯೇ ನಡೆಯಿತು. ಆದಕಾರಣ ಮದುವೆ, ಬಾಣಂತನ, ಕಾಯಿಲೆ, ಸಾವು, ಇವುಗಳ ಸುದ್ದಿಯೆಲ್ಲವೂ ಗಡಿ ದಾಟಿಯೇ ಹೋಗಬೇಕಾಗಿದ್ದಿತು.

ಟ್ರಂಕ್ ಕಾಲಿನ ಕಾಲವನ್ನು ಕಂಡವರು ಈ ಸಭೆಯಲ್ಲಿ ಇನ್ನೂ ಇದ್ದಾರೆ. ಅಂಚೆ ಕಚೇರಿಗೆ ಹೋಗಿ, ಬೇಕಾದ ಊರು, ಸಂಖ್ಯೆ ಹೇಳಿ, ಕರೆಯನ್ನು ಬುಕ್ ಮಾಡಿ, ಬೆಂಚಿನ ಮೇಲೆ ಕುಳಿತುಕೊಳ್ಳಬೇಕು. ಸಾಮಾನ್ಯ ಕರೆ ಎಂಬುದೊಂದು; ಅರ್ಜೆಂಟ್ ಎಂಬುದು ಇನ್ನೊಂದು, ಅದಕ್ಕೆ ಎರಡು ಪಾಲು ದರ; ಲೈಟ್ನಿಂಗ್ ಎಂಬುದು ಮೂರನೆಯದು, ಅದರ ದರವನ್ನು ಕೇಳಿದರೆ ನಿಜವಾಗಿಯೂ ಸಿಡಿಲು ಬಡಿದಂತಾಗುತ್ತಿದ್ದಿತು. ಹಣ ಮೂರು ಮೂರು ನಿಮಿಷಗಳ ಲೆಕ್ಕ. ನಮ್ಮ ಬಂಧುಗಳೊಬ್ಬರು ಆನೇಕಲ್ಲಿನ ಕಡೆಗೆ ಕೊಟ್ಟಿದ್ದ ಮಗಳಿಗೆ ತಾತನ ಕಾಯಿಲೆಯನ್ನು ತಿಳಿಸಲು ಬೆಳಗ್ಗೆ ಕರೆ ಬುಕ್ ಮಾಡಿ ಕುಳಿತರು. ಜತೆಗೆ, ಇರಲಿ ಎಂದು, ಒಬ್ಬ ಹುಡುಗನನ್ನು ಬೈಸಿಕಲ್ಲಿನ ಮೇಲೆ ಕಳುಹಿಸಿದರು. ಸಂಜೆ ಲೈನು ಸಿಕ್ಕಿ, "ಹಲೋ" ಎಂದಾಗ ಆ ಕಡೆಯಿಂದ ಬಂದ ಉತ್ತರ: "ಅವರು ಆಗಲೇ ಹೊರಟುಹೋದರಲ್ಲ!" ಬೈಸಿಕಲ್ಲು ಗೆದ್ದಿತ್ತು. ಮೂರು ನಿಮಿಷದ ಹಣವನ್ನಂತೂ ತೆತ್ತು ಬಂದರು.

ಆದರೆ ನ್ಯಾಯವಾಗಿ ಹೇಳಬೇಕಾದರೆ, ಆ ಕಾಲದ ಲೆಕ್ಕ ಒರಟಾಗಿದ್ದರೂ ಬಹುಮಟ್ಟಿಗೆ ದೂರದ ಲೆಕ್ಕವಾಗಿದ್ದಿತು. 1960ರ ನವೆಂಬರ್ 26ರಂದು ಕಾನ್ಪುರ ಲಖನೌಗಳ ನಡುವೆ ಆರಂಭವಾದ ಎಸ್.ಟಿ.ಡಿ. ಪದ್ಧತಿ ಕಾಲಕ್ರಮದಲ್ಲಿ ನಮ್ಮ ಊರುಗಳಿಗೂ ಬಂದಾಗ, ಅದೂ ದೂರವನ್ನೇ ಅಳೆಯಿತು. ದೂರವಾಣಿ ಕೇಂದ್ರದ ಮೀಟರು ಎಣಿಸುತ್ತಿದ್ದುದು ನಿಮಿಷಗಳನ್ನಲ್ಲ, ಮಿಡಿತಗಳನ್ನು. ಊರು ದೂರವಾದಷ್ಟೂ ಮಿಡಿತಗಳು ಬೇಗಬೇಗ ಬರುವವು. ಹಳದಿ ಬಣ್ಣದ ಫಲಕ ಹೊತ್ತ ಎಸ್.ಟಿ.ಡಿ. ಬೂತುಗಳಲ್ಲಿ, ಗಾಜಿನ ಗೂಡಿನೊಳಗೆ ಬೆವರುತ್ತ, ಕೆಂಪು ಅಂಕಿಗಳು ಏರುವುದನ್ನು ಒಂದು ಕಣ್ಣಿನಿಂದ ನೋಡುತ್ತ ಮಾತನಾಡಿದ್ದು ನಮಗೆಲ್ಲ ನೆನಪಿದೆ. ಎದೆಯ ಮಿಡಿತವೂ ಮೀಟರಿನ ಮಿಡಿತವೂ ಒಂದೇ ತಾಳಕ್ಕೆ ಬೀಳುತ್ತಿದ್ದವು! ರಾತ್ರಿ ಹನ್ನೊಂದರ ಮೇಲೆ ಕಾಲು ದರವೆಂದು, ಮಲಗಿದ್ದ ಮಕ್ಕಳನ್ನು ಎಬ್ಬಿಸಿಕೊಂಡು ಬಂದು ಸಾಲಿನಲ್ಲಿ ನಿಂತ ಕುಟುಂಬಗಳೂ ಉಂಟು.

ಆಗಲೇ ಗೆರೆಯ ಕಾಟ ಸಣ್ಣದಾಗಿ ಮೊದಲಾಗಿದ್ದಿತು. ಹೊಸೂರಿನ ಸಂಕೇತ ಸಂಖ್ಯೆ 04344. ಅತ್ತಿಬೆಲೆ ಕಾಲಕ್ರಮದಲ್ಲಿ ಬೆಂಗಳೂರಿನ 080ರ ಬಳಗಕ್ಕೆ ಸೇರಿತು. ಆ ಮೇಲೆ ಅತ್ತಿಬೆಲೆಯವನು ಇಡೀ ಬೆಂಗಳೂರು ನಗರವನ್ನು ದಾಟಿ ಯಲಹಂಕದವನೊಡನೆ ಮಾತನಾಡಿದರೆ ಅದು ಊರೊಳಗಿನ ಮಾತು. ಕಣ್ಣಿಗೆ ಕಾಣುವ ಚಂದ್ರಚೂಡೇಶ್ವರನ ಬೆಟ್ಟದ ಬುಡದಲ್ಲಿರುವ ತನ್ನ ಅಕ್ಕನೊಡನೆ ಮಾತನಾಡಿದರೆ ಪರಊರಿನ ಮಾತು. ಕಾಸರಗೋಡಿನ ನಮ್ಮ ಸೋದರರಿಗೂ ಇದೇ ಅನುಭವ. ಅವರದು 04994, ಮಂಗಳೂರಿನದು 0824. ಆಸ್ಪತ್ರೆ, ಕಾಲೇಜು, ಸಂತೆ ಎಲ್ಲಕ್ಕೂ ಮಂಗಳೂರನ್ನೇ ನೆಚ್ಚಿಕೊಂಡವರಿಗೆ ಆ ಮೊದಲ ಸೊನ್ನೆಯನ್ನು ಒತ್ತುವುದೆಂದರೆ ಕೈಚೀಲವನ್ನು ಬಿಚ್ಚುವುದೆಂದೇ ಅರ್ಥವಾಗಿದ್ದಿತು.

ಗೆರೆ ದಪ್ಪವಾದದ್ದು ಮೊಬೈಲು ಬಂದ ಮೇಲೆ. 1995ರ ಜುಲೈ 31ರಂದು ಕಲ್ಕತ್ತೆಯಿಂದ ದೆಹಲಿಗೆ ಆ ಬಗೆಯ ಮೊದಲ ಕರೆ ಹೋಯಿತು. ಪರವಾನಗಿ ಕೊಡುವಾಗ ದೇಶವನ್ನು ಸರ್ಕಲ್ಲುಗಳೆಂಬ ವಲಯಗಳಾಗಿ ಹಂಚಿದರು. ಮಹಾನಗರಗಳನ್ನು ಬಿಟ್ಟರೆ ವಲಯದ ಗೆರೆ ಹೆಚ್ಚುಕಡಮೆ ರಾಜ್ಯದ ಗೆರೆಯೇ. ಸರ್ಕಾರಕ್ಕೆ ಇದು ಸುಲಭದ ಹಂಚಿಕೆ. ಅದರಲ್ಲಿ ಯಾರ ದುರುದ್ದೇಶವನ್ನೂ ನಾವು ಕಾಣೆವು. ಆದರೆ ಪರಿಣಾಮವನ್ನು ನೋಡಿ. ಹೊಸೂರಿನಿಂದ ತಮಿಳುನಾಡಿನ ತೆಂಕಣ ತುದಿಯ ನಾಗರಕೋವಿಲಿಗೆ ಮಾತನಾಡಿದರೆ ವಲಯದೊಳಗಿನ ಅಗ್ಗದ ಕರೆ. ಅತ್ತಿಬೆಲೆಗೆ ಮಾತನಾಡಿದರೆ ಹೊರವಲಯದ ಕರೆ. ನಾಗರಕೋವಿಲಿನ ಬಗ್ಗೆ ನಮಗೆ ಗೌರವವಿದೆ. ಆದರೆ ಅಲ್ಲಿ ನಮ್ಮ ಬೀಗರಿಲ್ಲವಲ್ಲ!

ಇದಕ್ಕೂ ಮಿಗಿಲಾದದ್ದು ರೋಮಿಂಗ್ ಎಂಬ ತೆರಿಗೆ. ಗೋಪುರದಿಂದ ಹೊರಡುವ ಅಲೆಗೆ ರಾಜ್ಯದ ಗಡಿ ತಿಳಿಯದು. ಜೂಜುವಾಡಿಯಲ್ಲಿ ತನ್ನ ಮನೆಯ ಅಂಗಳದಲ್ಲಿ ನಿಂತಿರುವವನ ದೂರವಾಣಿ, ಬಲವಾಗಿ ಬರುವುದು ಕರ್ನಾಟಕದ ಗೋಪುರದ ಅಲೆಯಾದರೆ ಅದನ್ನೇ ಹಿಡಿಯುವುದು. ಅಂಗಳದಲ್ಲಿದ್ದವನು ಆ ಕ್ಷಣದಿಂದ ಪ್ರವಾಸಿ! ಬಂದ ಕರೆಗೂ ಹಣ. ಹಿತ್ತಲಿಗೆ ಹೋದರೆ ಮತ್ತೆ ಸ್ವದೇಶ. ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್ 2007ರಲ್ಲಿ ರೋಮಿಂಗಿನಲ್ಲಿರುವವನಿಗೆ ಬಂದ ಕರೆಗೆ ನಿಮಿಷಕ್ಕೆ ಒಂದು ರೂಪಾಯಿ ಎಪ್ಪತ್ತೈದು ಪೈಸೆಯ ಮಿತಿ ಹಾಕಿತು, 2013ರಲ್ಲಿ ಅದು ಎಪ್ಪತ್ತೈದು ಪೈಸೆಯಾಯಿತು, 2015ರಲ್ಲಿ ನಲವತ್ತೈದು. ದಿನವೂ ಬೆಂಗಳೂರಿನ ಕಡೆಗೆ ಕೆಲಸಕ್ಕೆ ಹೋಗಿಬರುವ ನಮ್ಮ ಹುಡುಗರು ಎರಡು ಸಿಮ್ಮು ಇಟ್ಟುಕೊಂಡು, ಅತ್ತಿಬೆಲೆಯ ಚೆಕ್‌ಪೋಸ್ಟಿನ ಬಳಿ ಬಸ್ಸಿನಲ್ಲಿಯೇ ಒಂದನ್ನು ತೆಗೆದು ಇನ್ನೊಂದನ್ನು ಹಾಕುತ್ತಿದ್ದರು. ಈ ನಡುವೆ ಒಂದು ತಮಾಷೆಯೂ ಉಂಟು. ತಮಿಳುನಾಡಿನ ಜಾಲದಲ್ಲಿರುವಾಗ "ತಾವು ಕರೆ ಮಾಡಿದ ಚಂದಾದಾರರು ಸಿಗುತ್ತಿಲ್ಲ" ಎಂಬ ಮಾತು ತಮಿಳಿನಲ್ಲಿ ಬರುತ್ತಿತ್ತು. ಕರ್ನಾಟಕದ ಜಾಲಕ್ಕೆ ಜಾರಿದೊಡನೆ ಅದೇ ಮಾತು ಕನ್ನಡದಲ್ಲಿ. ಮನೆಯಲ್ಲಿ ಕುಳಿತು ದೂರವಾಣಿಯಿಂದ ಇಂಪಾದ ಕನ್ನಡವನ್ನು ಕೇಳುವ ಸುಖ ನಮಗೆ ಒದಗಿತು. ಆದರೆ ರೋಮಿಂಗ್ ದರದಲ್ಲಿ.

ಈ ಗೆರೆಯನ್ನು ಅಳಿಸುವ ಮೊದಲ ಗಟ್ಟಿ ಪ್ರಯತ್ನ 2006ರ ಮಾರ್ಚ್ ಒಂದರಂದು ನಡೆಯಿತು. ಅಂದಿನಿಂದ ಭಾರತ ಸಂಚಾರ ನಿಗಮವೂ ಮಹಾನಗರ ದೂರವಾಣಿ ನಿಗಮವೂ ದೇಶದ ಯಾವ ಮೂಲೆಗಾದರೂ ನಿಮಿಷಕ್ಕೆ ಒಂದು ರೂಪಾಯಿ ಎಂಬ ಯೋಜನೆಯನ್ನು ತಂದವು. ದೂರಕ್ಕೂ ಬೆಲೆಗೂ ಇದ್ದ ಗಂಟು ಅಲ್ಲಿಗೆ ಸಡಿಲವಾಯಿತು. 2016–17ರ ಪೈಪೋಟಿಯಲ್ಲಿ ರೋಮಿಂಗ್ ದರವೂ ಬಿದ್ದುಹೋಯಿತು. ಅತ್ತಿಬೆಲೆಗೂ ಅಂಡಮಾನಿಗೂ ಇಂದು ಒಂದೇ ಲೆಕ್ಕ. ಇಂದಿನ ಮಕ್ಕಳಿಗೆ ಜೂಜುವಾಡಿಯ ಅಂಗಳದ ಕತೆ ಹೇಳಿದರೆ ಕಟ್ಟುಕತೆಯೆಂದು ನಗುತ್ತಾರೆ.

ಇನ್ನು ದೇಶದ ಗೆರೆ. ಇದು ರಾಜ್ಯದ ಗೆರೆಯಂತೆ ಸುಲಭವಾಗಿ ಅಳಿಯುವಂಥದಲ್ಲ.

1976ರಲ್ಲಿ ಮುಂಬಯಿಯಿಂದ ಲಂಡನ್ನಿಗೆ ನೇರವಾಗಿ ಸಂಖ್ಯೆ ತಿರುಗಿಸಿ ಮಾತನಾಡುವ ಸೌಕರ್ಯ ಮೊದಲಾಯಿತು. 1986ರ ಏಪ್ರಿಲಿನಲ್ಲಿ ವಿದೇಶ ಸಂಚಾರ ನಿಗಮ ಸ್ಥಾಪನೆಯಾಗಿ, 2002ರ ಮಾರ್ಚ್ ಕೊನೆಯವರೆಗೆ ಹೊರದೇಶದ ಕರೆಗಳೆಲ್ಲ ಅದೊಂದರ ಬಾಗಿಲಿನಿಂದಲೇ ಹೋಗಿಬರಬೇಕಾಗಿದ್ದಿತು. 1990ರ ದಶಕದ ಕೊನೆಯಲ್ಲಿ ಅಮೆರಿಕಕ್ಕೆ ಮಾತನಾಡಲು ನಿಮಿಷಕ್ಕೆ ಅರವತ್ತು ರೂಪಾಯಿಗೂ ಹೆಚ್ಚು ತೆರಬೇಕಾಗುತ್ತಿದ್ದಿತು. ಅಂದಿನ ಕೂಲಿಯವನೊಬ್ಬನ ಒಂದು ದಿನದ ಸಂಪಾದನೆ ಒಂದು "ಹೇಗಿದ್ದೀಯಪ್ಪ" ಎನ್ನುವುದರೊಳಗೆ ಕರಗಿಹೋಗುತ್ತಿದ್ದಿತೆಂದರೆ ಅತಿಶಯೋಕ್ತಿಯಲ್ಲ.

ತಂತಿಗೂ ಉಪಗ್ರಹಕ್ಕೂ ಅಷ್ಟು ಖರ್ಚಾಗುತ್ತಿತ್ತೇ? ಇಲ್ಲ. ಎರಡು ದೇಶಗಳ ಆಡಳಿತಗಳು ಕುಳಿತು ಒಂದು ಕರೆಗೆ ಇಷ್ಟೆಂದು ಲೆಕ್ಕದ ದರವನ್ನು ಒಪ್ಪಿಕೊಂಡು, ಅದನ್ನು ಸಾಮಾನ್ಯವಾಗಿ ಅರ್ಧರ್ಧ ಹಂಚಿಕೊಳ್ಳುತ್ತಿದ್ದವು. ಕರೆ ಹೊರಟ ದೇಶ ಕರೆ ಸೇರಿದ ದೇಶಕ್ಕೆ ಅರ್ಧವನ್ನು ಸಲ್ಲಿಸಬೇಕು. ನಮ್ಮ ದೇಶದಿಂದ ಹೊರಡುವ ಕರೆಗಳಿಗಿಂತ ಹೊರಗಿನಿಂದ ಬರುವ ಕರೆಗಳೇ ಹೆಚ್ಚು. ಹೊರಗಿರುವ ಮಕ್ಕಳ ಕೈಯಲ್ಲಿ ತಾನೇ ಡಾಲರು! ಆದಕಾರಣ ದರ ಹೆಚ್ಚಿದ್ದಷ್ಟೂ ದೇಶಕ್ಕೆ ವಿದೇಶಿ ವಿನಿಮಯದ ಲಾಭ. ಇದನ್ನು ಸಹಿಸದೆ ಅಮೆರಿಕದ ಸಂಪರ್ಕ ಆಯೋಗ 1997ರಲ್ಲಿ ತನ್ನ ಕಂಪೆನಿಗಳು ಹೊರದೇಶಗಳಿಗೆ ಕೊಡುವ ಈ ಪಾಲಿಗೆ ಮಿತಿಗಳನ್ನು ಗೊತ್ತುಮಾಡಿತು. ಕಡಮೆ ವರಮಾನದ ದೇಶಗಳಿಗೆ ನಿಮಿಷಕ್ಕೆ ಇಪ್ಪತ್ತಮೂರು ಸೆಂಟು. ನಮ್ಮಲ್ಲಿಯೂ ಪೈಪೋಟಿ ಬಂದ ಮೇಲೆ ದರ ಮೆಟ್ಟಿಲು ಮೆಟ್ಟಿಲಾಗಿ ಇಳಿಯಿತು.

ಇಲ್ಲಿ ಒಂದು ಮಾತನ್ನು ಸ್ವಲ್ಪ ನಿಧಾನಿಸಿ ಹೇಳಬೇಕು. ಸುಂಕವೆಂದೊಡನೆ ಸುಲಿಗೆಯೆಂದು ತಿಳಿಯುವುದು ಸರಿಯಲ್ಲ. 2003ರಿಂದ 2008ರವರೆಗೆ ಹೊರದೇಶದ ಕರೆಗಳ ಮೇಲೆ, ದರದ ಜತೆಗೆ, ಪ್ರವೇಶ ಕೊರತೆಯ ಶುಲ್ಕವೆಂಬ ಒಂದು ಅಧಿಕ ಶುಲ್ಕವಿದ್ದಿತು. ಹಳ್ಳಿಗಳಿಗೆ ತಂತಿ ಎಳೆದು ನಷ್ಟದಲ್ಲಿ ದೂರವಾಣಿ ನಡೆಸುವ ಸರ್ಕಾರಿ ನಿಗಮಕ್ಕೆ ಆ ಕೊರತೆಯನ್ನು ತುಂಬಿಕೊಡುವುದಕ್ಕೆಂದು ಅದನ್ನು ಎತ್ತುತ್ತಿದ್ದರು. 2005ರಲ್ಲಿ ಹೊರಗಿನಿಂದ ಬಂದ ಕರೆಗೆ ಅದು ನಿಮಿಷಕ್ಕೆ ಮೂರೂಕಾಲು ರೂಪಾಯಿ; 2006ರಲ್ಲಿ ಒಂದು ರೂಪಾಯಿ ಅರವತ್ತು ಪೈಸೆ; ಆಮೇಲೆ ಇನ್ನೂ ಇಳಿದು ನಿಂತುಹೋಯಿತು. ಅಂದರೆ, ನ್ಯೂಜೆರ್ಸಿಯಿಂದ ಮಗ ತಾಯಿಗೆ ಮಾತನಾಡಿದಾಗಲೆಲ್ಲ ಅಂಚೆಟ್ಟಿಯಂಥ ಕಾಡಂಚಿನ ಊರಿನ ಒಂದು ಕಂಬಕ್ಕೆ ಅವನಿಂದ ಅಷ್ಟಿಷ್ಟು ಸಂದಾಯವಾಗುತ್ತಿದ್ದಿತು. ನಾವು ಆ ಕಾಲದಲ್ಲಿ ದರವನ್ನು ಬೈದವರಲ್ಲಿ ಒಬ್ಬರು. ಈಗ ಯೋಚಿಸಿದರೆ ಅಷ್ಟು ಬೈಯಬಾರದಾಗಿದ್ದಿತು ಎನ್ನಿಸುತ್ತದೆ. ಆದರೆ ಆ ಹೆಚ್ಚಿನ ಶುಲ್ಕದಿಂದಲೇ ಕಳ್ಳದಾರಿಯೂ ಹುಟ್ಟಿತೆಂಬುದನ್ನು ಮರೆಯುವಂತಿಲ್ಲ. ಹೊರದೇಶದ ಕರೆಯನ್ನು ಅಂತರ್ಜಾಲದಲ್ಲಿ ತಂದು, ಗುಟ್ಟಾದ ಕೋಣೆಯಲ್ಲಿ ಸಿಮ್ಮುಗಳ ಪೆಟ್ಟಿಗೆಯೊಂದರ ಮೂಲಕ ಊರೊಳಗಿನ ಕರೆಯ ವೇಷ ಹಾಕಿಸಿ ಬಿಡುವ ದಂಧೆ ಇಂದಿಗೂ ನಿಂತಿಲ್ಲ. ಬೆಂಗಳೂರಿನಲ್ಲಿಯೇ ಪೊಲೀಸರು ಇಂಥ ಕಳ್ಳ ವಿನಿಮಯ ಕೇಂದ್ರಗಳನ್ನು ಹಿಡಿದಿದ್ದಾರೆ.

ಅಂತರ್ಜಾಲದ ಕರೆಯ ನಿಯಮಗಳಿಗೆ ಬರೋಣ. 1995ರ ಆಗಸ್ಟ್ 15ರಂದು ನಮ್ಮ ದೇಶದಲ್ಲಿ ಅಂತರ್ಜಾಲ ಸಾರ್ವಜನಿಕರಿಗೆ ತೆರೆಯಿತು. ಆದರೆ ಅದರ ಮೂಲಕ ದೂರವಾಣಿಯಂತೆ ಮಾತನಾಡಲು ಅನುಮತಿ ದೊರೆತದ್ದು 2002ರ ಏಪ್ರಿಲ್ ಒಂದರಂದು. ಅನುಮತಿಯ ಷರತ್ತನ್ನು ಕೇಳಿ ಆನಂದಿಸಬೇಕು. ಕಂಪ್ಯೂಟರಿನಿಂದ ಕಂಪ್ಯೂಟರಿಗೆ ಮಾತನಾಡಬಹುದು. ಇಲ್ಲಿಯ ಕಂಪ್ಯೂಟರಿನಿಂದ ಹೊರದೇಶದ ದೂರವಾಣಿಗೆ ಮಾತನಾಡಬಹುದು. ಆದರೆ ಇಲ್ಲಿಯ ಕಂಪ್ಯೂಟರಿನಿಂದ ಇಲ್ಲಿಯದೇ ದೂರವಾಣಿಗೆ ಮಾತನಾಡಕೂಡದು. ಹೊಸೂರಿನ ಬಸ್ ನಿಲ್ದಾಣದ ಬಳಿ ಗಂಟೆಗಿಷ್ಟೆಂದು ಕಂಪ್ಯೂಟರು ಬಾಡಿಗೆಗೆ ಕೊಡುವ ಅಂಗಡಿಯಲ್ಲಿ ಕುಳಿತವನು ನ್ಯೂಯಾರ್ಕಿನ ಮನೆಯೊಂದರ ಗಂಟೆಯನ್ನು ಬಾರಿಸಬಹುದಾಗಿತ್ತು. ಅತ್ತಿಬೆಲೆಯದನ್ನು ಬಾರಿಸಿದರೆ ನಿಯಮಕ್ಕೆ ವಿರುದ್ಧ. ದೇಶದೊಳಗಿನ ದೂರವಾಣಿ ಕಂಪೆನಿಗಳು ಪರವಾನಗಿಗೆ ಭಾರಿ ಹಣ ತೆತ್ತಿದ್ದವು. ಅವುಗಳ ವ್ಯಾಪಾರ ಕೆಡದಿರಲಿ ಎಂಬುದು ಇದರ ಹಿಂದಿನ ನ್ಯಾಯ. 2008ರಲ್ಲಿಯೇ ಟ್ರಾಯ್ ಈ ತಡೆಯನ್ನು ತೆಗೆಯಬಹುದೆಂದು ಶಿಫಾರಸು ಮಾಡಿತು, ಸರ್ಕಾರ ಒಪ್ಪಲಿಲ್ಲ. ಸ್ಕೈಪ್ ಎಂಬ ಹೆಸರುವಾಸಿಯಾದ ಸೇವೆ 2014ರ ನವೆಂಬರ್ 10ರಿಂದ ಭಾರತದೊಳಗಿನಿಂದ ಭಾರತದ ದೂರವಾಣಿಗಳಿಗೆ ಕರೆ ಮಾಡುವ ಸೌಕರ್ಯವನ್ನು ನಿಲ್ಲಿಸಿತು. ಕೊನೆಗೆ 2017ರ ಅಕ್ಟೋಬರಿನಲ್ಲಿ ಟ್ರಾಯ್ ಮತ್ತೆ ಶಿಫಾರಸು ಮಾಡಿ, 2018ರ ಜೂನಿನಲ್ಲಿ ದೂರಸಂಪರ್ಕ ಇಲಾಖೆ ಪರವಾನಗಿ ಪಡೆದ ಸಂಸ್ಥೆಗಳಿಗೆ ದಾರಿ ಬಿಟ್ಟಿತು. ಸ್ಕೈಪ್ ತಾನೇ 2025ರ ಮೇ ತಿಂಗಳಲ್ಲಿ ಅಂಗಡಿ ಮುಚ್ಚಿತು, ಅದು ಬೇರೆ ಮಾತು.

ಈ ಎಳೆದಾಟದ ನಡುವೆಯೇ ವಾಟ್ಸ್‌ಆ್ಯಪ್ ಮೊದಲಾದವು ಬಂದವು. ಇವು ದೂರವಾಣಿ ಸಂಖ್ಯೆಯ ಗಂಟೆಯನ್ನು ಬಾರಿಸುವುದಿಲ್ಲ. ಆ್ಯಪಿನಿಂದ ಆ್ಯಪಿಗೆ ಮಾತು ಒಯ್ಯುತ್ತವೆ. ಆದುದರಿಂದ ಹಳೆಯ ನಿಷೇಧದ ಬಲೆಯಲ್ಲಿ ಸಿಕ್ಕಲಿಲ್ಲ. 2014ರ ಡಿಸೆಂಬರಿನಲ್ಲಿ ಒಂದು ದೊಡ್ಡ ಕಂಪೆನಿ ಅಂತರ್ಜಾಲದ ಕರೆಗಳಿಗೆ ಬೇರೆಯಾಗಿ ದರ ಹಾಕುವುದಾಗಿ ಸಾರಿ, ಜನರ ಕೂಗಿಗೆ ಮಣಿದು ಹಿಂದೆಗೆಯಿತು. ಮರುವರ್ಷ ಟ್ರಾಯ್ ಅಭಿಪ್ರಾಯ ಕೇಳಿದಾಗ ಹತ್ತು ಲಕ್ಷಕ್ಕೂ ಮೀರಿ ಪತ್ರಗಳು ಹೋದವು. 2016ರ ಫೆಬ್ರವರಿ 8ರಂದು, ಅಂತರ್ಜಾಲದಲ್ಲಿ ಏನನ್ನು ನೋಡುತ್ತೀರಿ, ಏನನ್ನು ಬಳಸುತ್ತೀರಿ ಎಂಬುದರ ಮೇಲೆ ಬೇರೆಬೇರೆ ದರ ಹಾಕಕೂಡದೆಂದು ಅದು ವಿಧಿಸಿತು. ನಮ್ಮ ನೆರೆಮನೆಯ ತಾಯಿಯ ಮಗ "ಬಿಟ್ಟಿಯಾಗಿ" ಮಾತನಾಡುವುದರ ಬುಡದಲ್ಲಿ ಈ ವಿಧಿಯಿದೆ. ಬಿಟ್ಟಿ ಎನ್ನುವುದೂ ಪೂರ್ತಿ ನಿಜವಲ್ಲ. ತಿಂಗಳ ಡೇಟಾ ಪ್ಯಾಕಿನಲ್ಲಿ ಆ ಹಣ ಸೇರಿಹೋಗಿದೆ, ಕಣ್ಣಿಗೆ ಕಾಣುವುದಿಲ್ಲ, ಅಷ್ಟೆ.

ಹಾಗಾದರೆ ದುಬೈಯ ಮಗಳಿಗೇನಾಯಿತು? ಸಂಯುಕ್ತ ಅರಬ್ ಎಮಿರೇಟ್ಸ್ ತನ್ನ ದೂರವಾಣಿ ಸಂಸ್ಥೆಗಳ ವರಮಾನವನ್ನೂ ತನ್ನ ಹಿಡಿತವನ್ನೂ ಕಾಪಾಡಿಕೊಳ್ಳುವುದಕ್ಕಾಗಿ, ಪರವಾನಗಿ ಪಡೆದ ಕೆಲವು ಆ್ಯಪುಗಳನ್ನು ಬಿಟ್ಟು ಉಳಿದವುಗಳ ಕರೆಗೆ ಬಹುಕಾಲದಿಂದ ತಡೆ ಹಾಕಿಕೊಂಡು ಬಂದಿದೆ. ಬರೆದು ಕಳುಹಿಸಬಹುದು, ಧ್ವನಿಯನ್ನು ತುಂಬಿಸಿ ಕಳುಹಿಸಬಹುದು, ಎದುರುಬದುರಾಗಿ ಮಾತನಾಡುವಂತಿಲ್ಲ. ಅಮೆರಿಕದ ಗೆರೆಯಲ್ಲಿ ಸುಂಕದವನು ನಿದ್ದೆ ಹೋಗಿದ್ದಾನೆ. ದುಬೈಯ ಗೆರೆಯಲ್ಲಿ ಎಚ್ಚರವಾಗಿದ್ದಾನೆ. ಇದನ್ನು ಆ ತಾಯಿಗೆ ಹೇಳಿದಾಗ ಆಕೆ ಸ್ವಲ್ಪ ಹೊತ್ತು ಸುಮ್ಮನಿದ್ದು, "ನಮ್ಮ ಜೂಜುವಾಡಿ ಥರಾ ಅನ್ನಿ" ಎಂದರು. ನಾವು ಇಷ್ಟು ಹೊತ್ತು ವಿವರಿಸಿದ್ದನ್ನು ಆಕೆ ನಾಲ್ಕೇ ಮಾತಿನಲ್ಲಿ ಮುಗಿಸಿಬಿಟ್ಟರು. ಈಗ ಮಗಳು ರಾತ್ರಿ ಅಡುಗೆ ಮುಗಿಸಿ ಐದು ನಿಮಿಷದ ಮಾತನ್ನು ತುಂಬಿ ಕಳುಹಿಸುತ್ತಾಳೆ. ತಾಯಿ ಬೆಳಗ್ಗೆ ಕಾಫಿ ಕುಡಿಯುತ್ತ ಕೇಳಿ, ಉತ್ತರವನ್ನು ತುಂಬಿ ಕಳುಹಿಸುತ್ತಾರೆ. ಕಾಗದದ ಕಾಲ ಮರಳಿ ಬಂದಂತಾಗಿದೆ. ಮಗಳ ಕನ್ನಡ ಮೊದಲಿಗಿಂತ ಚೆನ್ನಾಗಿದೆಯೆಂದೂ, ದಿನಾ ಮುಖ ತೋರಿಸುವ ಮಗನ ಮನೆಯಲ್ಲಿ ಮೊಮ್ಮಗ "ಹಾಯ್ ಅಜ್ಜಿ" ಎಂದು ಓಡಿಹೋಗುವನೆಂದೂ ಆಕೆಯೇ ಹೇಳಿದರು. ಇದರಿಂದ ಸುಂಕವೇ ಲೇಸೆಂದು ನಾವು ವಾದಿಸುವುದಿಲ್ಲ. ಕಂಡದ್ದನ್ನು ಅರಿಕೆ ಮಾಡಿಕೊಂಡೆವು.

ಇನ್ನು ಇಂದಿನ ಕಷ್ಟಗಳು. ಆ್ಯಪನ್ನು ಬಳಸಲಾರದ, ಗುಂಡಿಯ ಫೋನು ಹಿಡಿದ ಮುದುಕರು ನಮ್ಮ ಹಳ್ಳಿಗಳಲ್ಲಿ ಬೇಕಾದಷ್ಟು ಮಂದಿ ಇದ್ದಾರೆ. ಅವರಿಗೆ ಹೊರದೇಶದ ಕರೆ ಇಂದಿಗೂ ಹಳೆಯ ದಾರಿಯಲ್ಲಿಯೇ ಬರಬೇಕು. ದೇಶದೊಳಗೆ ಒಂದು ಕಂಪೆನಿ ಇನ್ನೊಂದಕ್ಕೆ ಕರೆ ಸೇರಿಸಿದ್ದಕ್ಕಾಗಿ ಕೊಡುತ್ತಿದ್ದ ಪೈಸೆಗಳು 2021ರ ಜನವರಿಯಲ್ಲಿ ರದ್ದಾದವು. ಹೊರದೇಶದಿಂದ ಬರುವ ಕರೆಗಾದರೋ, 2018ರಲ್ಲಿ ಮೂವತ್ತು ಪೈಸೆಗೆ ಇಳಿದಿದ್ದ ಆ ಶುಲ್ಕ 2020ರ ಮೇ ತಿಂಗಳಿನಿಂದ ಮೂವತ್ತೈದರಿಂದ ಅರವತ್ತೈದು ಪೈಸೆಯವರೆಗೆ ಎಂದು ಮೇಲಕ್ಕೆ ಹೋಯಿತು. ಸುಂಕದ ಕಟ್ಟೆ ಅಲ್ಲಿ ಗಟ್ಟಿಯಾಗಿಯೇ ಇದೆ. ಇದಲ್ಲದೆ, ಮಾತಿಗಷ್ಟೇ ಫೋನು ಇಟ್ಟುಕೊಂಡವರೂ ಬೇಡದ ಡೇಟಾ ಸೇರಿದ ಪ್ಯಾಕನ್ನೇ ಕೊಳ್ಳಬೇಕಾಗಿತ್ತು. 2024ರ ಡಿಸೆಂಬರಿನಲ್ಲಿ ಟ್ರಾಯ್, ಮಾತು ಮತ್ತು ಕಿರುಸಂದೇಶಗಳಿಗಷ್ಟೇ ಆಗುವ ಬೇರೆ ಪ್ಯಾಕುಗಳನ್ನು ಕೊಡತಕ್ಕದ್ದೆಂದು ಕಂಪೆನಿಗಳಿಗೆ ವಿಧಿಸಿತು; ಅವುಗಳ ಅವಧಿ ಒಂದು ವರ್ಷದವರೆಗೂ ಇರಬಹುದು. ಈ ವಿಷಯ ನಮ್ಮ ಹಿರಿಯರಲ್ಲಿ ಬಹುಮಂದಿಗೆ ತಿಳಿಯದು. ರೀಚಾರ್ಜ್ ಅಂಗಡಿಯವನು ತಾನಾಗಿ ಹೇಳುವುದೂ ಅಪರೂಪ. ಕೇಳಿ ಪಡೆಯಬೇಕು.

ಮೋಸದ ಮಾತಂತೂ ಹೇಳಲೇಬೇಕು. ಹೊರದೇಶದಲ್ಲಿ ಕುಳಿತ ವಂಚಕನ ಕರೆ ನಮ್ಮ ದೇಶದ +91 ಸಂಖ್ಯೆಯ ವೇಷದಲ್ಲಿ ಬರುತ್ತದೆ. ಪೊಲೀಸರೆನ್ನುತ್ತಾನೆ, ಬ್ಯಾಂಕಿನವರೆನ್ನುತ್ತಾನೆ, "ನಿಮ್ಮ ಮಗ ಸಿಕ್ಕಿಬಿದ್ದಿದ್ದಾನೆ" ಎನ್ನುತ್ತಾನೆ. ಮಗ ಹೊರದೇಶದಲ್ಲಿರುವ ತಾಯಿಗೆ ಈ ಒಂದು ಮಾತು ಸಾಕು. 2024ರ ಅಕ್ಟೋಬರ್ 22ರಂದು ಸರ್ಕಾರ ಇಂಥ ವೇಷದ ಕರೆಗಳನ್ನು ತಡೆಯುವ ವ್ಯವಸ್ಥೆಯೊಂದನ್ನು ಆರಂಭಿಸಿದಾಗ, ಮೊದಲ ಇಪ್ಪತ್ತನಾಲ್ಕು ಗಂಟೆಗಳಲ್ಲಿಯೇ ಒಂದು ಕೋಟಿ ಮೂವತ್ತೈದು ಲಕ್ಷದಷ್ಟು ಕರೆಗಳು ಸಿಕ್ಕಿಬಿದ್ದವೆಂದು ಪ್ರಕಟಿಸಿತು. ಅಗ್ಗವಾದ ದಾರಿಯಲ್ಲಿ ಮಕ್ಕಳೂ ಬರುತ್ತಾರೆ, ಕಳ್ಳರೂ ಬರುತ್ತಾರೆ.

ಕೆಲಮಂಗಲದ ಕಡೆಯ ಬಯಲಿನಲ್ಲಿ ಇಂದು ಟಾಟಾ ಕಂಪೆನಿಯ ಕಾರ್ಖಾನೆ ಐಫೋನಿನ ಹೊರಕವಚವನ್ನು ತಯಾರಿಸುತ್ತಿದೆ. ಅಮೆರಿಕದ ಮಗನ ಕೈಯಲ್ಲಿರುವ ಫೋನಿನ ಮೈಯನ್ನು ಅವನ ಊರಿನ ಹೆಣ್ಣುಮಕ್ಕಳೇ ಕಡೆದಿದ್ದರೂ ಆಶ್ಚರ್ಯವಿಲ್ಲ. ಆದರೆ ಅದೇ ಬಯಲಿನಿಂದ ಅಂಚೆಟ್ಟಿಯ ಕಡೆಗೆ ನಡೆದರೆ, ಅಲೆ ಸಿಗಲೆಂದು ದಿಬ್ಬ ಹತ್ತಿ ನಿಲ್ಲುವವರನ್ನು ಕಾಣುತ್ತೀರಿ.

ನಮ್ಮ ಸಂಘದಿಂದ ಆಗಬಹುದಾದದ್ದೆಂದು ಎರಡು ಕೆಲಸಗಳನ್ನು ಕಾರ್ಯಕಾರಿ ಸಮಿತಿಯ ಮುಂದೆ ಬರಹದಲ್ಲಿ ಇಟ್ಟಿದ್ದೇವೆ. ಭಾನುವಾರ ಬೆಳಗ್ಗೆ ವಾಚನಾಲಯ ತೆರೆದಿರುವ ಎರಡು ಗಂಟೆಗಳ ಕಾಲ ಇಬ್ಬರು ತರುಣರು ಕುಳಿತು, ಬಂದ ಹಿರಿಯರಿಗೆ ಫೋನಿನಲ್ಲಿ ಮಕ್ಕಳೊಡನೆ ಮಾತನಾಡಿಸಿಕೊಡುವುದು, ಧ್ವನಿ ತುಂಬಿ ಕಳುಹಿಸುವುದನ್ನು ಕಲಿಸುವುದು, ಅವರಿಗೆ ಬೇಕಾದ ಪ್ಯಾಕು ಯಾವುದೆಂದು ತಿಳಿಸುವುದು, ಇದು ಮೊದಲನೆಯದು. ಎರಡನೆಯದು, ವಂಚನೆಯ ಕರೆ ಬಂದರೆ ಏನು ಮಾಡಬೇಕೆಂಬುದನ್ನು ದಪ್ಪ ಅಕ್ಷರದ ಕನ್ನಡದಲ್ಲಿ ಒಂದು ಹಾಳೆಯಾಗಿ ಅಚ್ಚುಹಾಕಿಸಿ, ಹಣ ಕಳೆದುಕೊಂಡವರು ಕೂಡಲೇ ಕರೆಯಬೇಕಾದ 1930 ಎಂಬ ಸಂಖ್ಯೆಯನ್ನು ಅದರ ತಲೆಯ ಮೇಲೆ ಕಾಣಿಸಿ, ತಳಿ, ಡೆಂಕಣಿಕೋಟೆ, ಬಾಗಲೂರು, ಬೇರಿಗೆಗಳ ಮನೆಮನೆಗೆ ಮುಟ್ಟಿಸುವುದು. ಕಾಗದದ ಖರ್ಚಿಗೆ ನಮ್ಮ ಕೈಲಾದಷ್ಟನ್ನು ಖಜಾಂಚಿಗಳ ಬಳಿ ಕೊಟ್ಟಿದ್ದೇವೆ. ಭಾನುವಾರದ ಸರದಿಗೆ ಹೆಸರು ಕೊಡಬಯಸುವ ತರುಣರು ಸಭೆ ಮುಗಿದ ಮೇಲೆ ಬಾಗಿಲ ಬಳಿಯ ಮೇಜಿನಲ್ಲಿರುವ ಪುಸ್ತಕದಲ್ಲಿ ಬರೆಯಬಹುದು.